ಇಪೇ ಡೆಕ್ ಹಾಕಿಸಿ ನಾಲ್ಕು ವರ್ಷ: ಬಿಸಿಲು ಮಳೆ ಎರಡೂ ತಡೆಯೋ ಮರ ಯಾವುದು

ಮನೆ ಹಿಂದಿನ ಡೆಕ್‌ಗೆ, ಅಂದ್ರೆ ಹೊರಗಡೆ ಕೂರೋಕೆ ಮರದ ಹಲಗೆ ಹಾಸಿದ ಕಟ್ಟೆಗೆ, ಇಪೇ ಅನ್ನೋ ದಕ್ಷಿಣ ಅಮೆರಿಕದ ಮರದ ಹಲಗೆ ಹಾಕಿಸಿ ನಾಲ್ಕು ವರ್ಷ ಆಯ್ತು. ನಾಲ್ಕು ಬೇಸಿಗೆ ನಾಲ್ಕು ಮಳೆಗಾಲ ಕಳೀಲಿ, ಆಮೇಲೆ ಬರೆಯೋಣ ಅಂತ ಕಾಯ್ತಾ ಇದ್ದೆ, ಯಾಕಂದ್ರೆ ಹೊರಗಡೆ ಹಾಕೋ ಮರದ ಬಗ್ಗೆ ಹಾಕಿದ ತಿಂಗಳಲ್ಲೇ ಬರೆದ ರಿವ್ಯೂ ಯಾರಿಗೂ ಪ್ರಯೋಜನಕ್ಕೆ ಬರಲ್ಲ, ಆವಾಗ ಎಲ್ಲಾ ಮರನೂ ಚೆಂದಾನೇ ಕಾಣುತ್ತೆ. ಮೊದಲೇ ಹೇಳಿಬಿಡ್ತೀನಿ, ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಇನ್ನೊಂದು ಸಲ ಹಾಕಿಸೋದಾದ್ರೂ ಇದನ್ನೇ ಹಾಕಿಸ್ತೀನಿ. ಆದ್ರೆ ಈ ಮರ ಎಷ್ಟು ಗಟ್ಟಿ ಅಂತ ನೋಡಿ ನಾನು ಆರಿಸಿದ್ದಲ್ಲ. ತೇವ ಕುಡಿದಾಗ ಎಷ್ಟು ಹಿಗ್ಗುತ್ತೆ, ಒಣಗಿದಾಗ ಎಷ್ಟು ಕುಗ್ಗುತ್ತೆ, ಆ ಹಿಗ್ಗು ಕುಗ್ಗು ಎಲ್ಲಾ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಸಮ ಇರುತ್ತಾ ಇಲ್ವಾ ಅಂತ ನೋಡಿ ಆರಿಸಿದ್ದು. ಅಂಗಡಿಗೆ ಹೋದ್ರೆ ಈ ಮಾತು ಯಾರೂ ಎತ್ತಲ್ಲ, ಅದಕ್ಕೇ ಇಷ್ಟುದ್ದ ಬರೀತಾ ಇದ್ದೀನಿ.

ಇದಕ್ಕೂ ಮುಂಚೆ ಇದೇ ಜಾಗದಲ್ಲಿ ಇನ್ನೊಂದು ಡೆಕ್ ಇತ್ತು. ಕೆಂಪು ಕಂದು ಬಣ್ಣದ ಹಲಗೆ, ಬಿಲ್‌ನಲ್ಲಿ 'ಟ್ರಾಪಿಕಲ್ ಹಾರ್ಡ್‌ವುಡ್' ಅಂತ ಮಾತ್ರ ಬರೆದಿದ್ರು, ಯಾವ ಮರ ಅಂತ ಕೇಳಿದ್ರೆ ತುಂಬಾ ಗಟ್ಟಿ ಮರ ಅಂತ ಉತ್ತರ ಬಂತು, ನಾನೂ ಅಷ್ಟಕ್ಕೇ ಸುಮ್ಮನಾದೆ. ಮೊದಲ ಮಳೆಗಾಲಕ್ಕೇ ಹಲಗೆಗಳು ಊದಿಕೊಂಡು ಒಂದನ್ನೊಂದು ಒತ್ತೋಕೆ ಶುರು ಮಾಡಿದ್ವು, ನಡುವೆ ಸಂದೇ ಉಳೀಲಿಲ್ಲ, ಮೇಲೆ ಬಿದ್ದ ನೀರು ಕೆಳಗೆ ಇಳಿಯದೆ ಅಲ್ಲೇ ನಿಲ್ತಾ ಇತ್ತು. ಆಮೇಲೆ ಬಂದ ಬೇಸಿಗೆಲಿ ಅದೇ ಹಲಗೆಗಳು ತೊಟ್ಟಿ ಥರ ಬಾಗಿ ಎರಡೂ ಅಂಚು ಮೇಲಕ್ಕೆದ್ವು, ಕೆಲವು ಕಡೆ ಸ್ಕ್ರೂ ತಲೆನೇ ಮುರಿದು ಹೋಗಿತ್ತು. ಮೂರನೇ ವರ್ಷ ಒಂದು ಹಲಗೆ ಕಾಲಿಟ್ರೆ ಮೆತ್ತಗೆ ಅನ್ನಿಸ್ತು, ಬಗ್ಗಿ ನೋಡಿದ್ರೆ ಅಂಚಲ್ಲಿ ಬೆರಳಗಲ ತಿಳಿ ಬಣ್ಣದ ಪಟ್ಟಿ, ಸ್ಕ್ರೂಡ್ರೈವರ್ ಒತ್ತಿದ್ರೆ ಅರ್ಧ ಇಂಚು ಸಲೀಸಾಗಿ ಒಳಗೆ ಹೋಯ್ತು. ಪಕ್ಕದಲ್ಲೇ ಕಪ್ಪು ಕೆಂಪಾದ ಭಾಗಕ್ಕೆ ಅದೇ ಸ್ಕ್ರೂಡ್ರೈವರ್ ಒತ್ತಿದ್ರೆ ಗೀರು ಕೂಡ ಬೀಳಲಿಲ್ಲ. ಒಂದೇ ಹಲಗೆ, ಎರಡು ಬೆರಳು ದೂರ, ಒಂದು ಕಡೆ ಕೊಳೆತು ಲಡ್ಡು ಇನ್ನೊಂದು ಕಡೆ ಕಬ್ಬಿಣ. ಮರದ ಹೊರಸುತ್ತಿನ ಬಿಳಿ ಭಾಗಕ್ಕೂ ಒಳಗಿನ ಕೆಚ್ಚಿಗೂ ಎಷ್ಟು ವ್ಯತ್ಯಾಸ ಅಂತ ನನಗೆ ಅವತ್ತು ಅರ್ಥ ಆಯ್ತು. ಎಂಥಾ ದೊಡ್ಡ ಹೆಸರಿನ ಮರ ಆದ್ರೂ ಬಾಳಿಕೆ ಇರೋದು ಕೆಚ್ಚಿಗೆ ಮಾತ್ರ. ಬಿಳಿ ಭಾಗ ಯಾವ ಜಾತಿ ಮರದ್ದೇ ಆಗಿರಲಿ, ಹೊರಗಡೆ ಬಾಳಲ್ಲ.

ಹಾಗಾಗಿ ಎರಡನೇ ಸಲ ಅವಸರ ಮಾಡಲಿಲ್ಲ. ಬೇರೆ ಬೇರೆ ಕಡೆಯಿಂದ ಐದು ಥರದ ಮರದ ತುಂಡು ತರಿಸಿದೆ, ಇಪೇ, ಅದರ ಹಾಗೇ ದಕ್ಷಿಣ ಅಮೆರಿಕದಿಂದ ಬರೋ ಕುಮಾರು, ಮಸ್ಸರಂಡೂಬ, ಆಮೇಲೆ ತೇಗ, ಮತ್ತೆ ಬಿಸಿ ಹಬೆಲಿ ಹದ ಮಾಡಿದ ಆಶ್ ಮರ, ಅದನ್ನ ಥರ್ಮಲಿ ಮಾಡಿಫೈಡ್ ಆಶ್ ಅಂತ ಮಾರ್ತಾರೆ. ಎಲ್ಲಾನೂ ಎರಡಡಿ ಉದ್ದ, ಒಂದೇ ಅಗಲ, ಇಟ್ಟಿಗೆ ಮೇಲೆ ಸಾಲಾಗಿ ಜೋಡಿಸಿ ಪೂರ್ತಿ ಒಂದು ವರ್ಷ ಬಿಸಿಲಿಗೂ ಮಳೆಗೂ ಬಿಟ್ಟೆ. ತಿಂಗಳಿಗೊಂದು ಸಲ ಕ್ಯಾಲಿಪರ್ ಹಿಡ್ಕೊಂಡು ಅಗಲ ಅಳೆಯೋದು, ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಎಷ್ಟು ಬಾಗಿದೆ ನೋಡೋದು, ಬುಕ್ಕಲ್ಲಿ ಬರೆದಿಡೋದು. ಡೆಕ್ ಹಾಕಿಸೋ ಯೋಚನೆ ಇರೋರು ದಯವಿಟ್ಟು ಇದೊಂದು ಕೆಲಸ ಮಾಡಿ, ಒಂದು ವರ್ಷ ಆಗದಿದ್ರೆ ಒಂದು ಬೇಸಿಗೆ ಒಂದು ಮಳೆಗಾಲನಾದ್ರೂ ಕಾಯಿರಿ.

ಅಂಗಡಿಲಿ ಎಲ್ಲರೂ ಮೊದಲು ತೋರಿಸೋ ನಂಬರ್ ಜಂಕಾ. ಒಂದು ಸಣ್ಣ ಉಕ್ಕಿನ ಗುಂಡನ್ನ ಮರದೊಳಗೆ ಅರ್ಧದಷ್ಟು ಇಳಿಸೋಕೆ ಎಷ್ಟು ಬಲ ಬೇಕು ಅನ್ನೋ ಅಳತೆ ಅದು, ಗುಂಡಿನ ವ್ಯಾಸ 11.28 ಮಿಲಿಮೀಟರ್. ಇಪೇಗೆ ಸುಮಾರು 3,500 ಪೌಂಡ್, ಕುಮಾರುಗೆ 3,300 ಆಸುಪಾಸು, ಮಸ್ಸರಂಡೂಬಗೆ 3,100 ಆಸುಪಾಸು, ತೇಗಕ್ಕೆ ಬರೀ 1,070 ಚಿಲ್ಲರೆ. ಈ ಪಟ್ಟಿ ನೋಡಿದ್ರೆ ತೇಗ ಕೊನೇಲಿ ನಿಲ್ಲುತ್ತೆ. ಆದ್ರೆ ತಲೆಮಾರುಗಳಿಂದ ಹಡಗಿನ ಅಟ್ಟಕ್ಕೆ ಹಾಕ್ತಾ ಬಂದಿರೋದು ತೇಗಾನೇ, ಉಪ್ಪುನೀರು, ಬಿಸಿಲು, ಅಲೆ, ಎಲ್ಲಾ ತಡ್ಕೊಂಡು. ಕುರ್ಚಿ ಕಾಲು ಎಳೆದ್ರೆ ಗೀರು ಬೀಳುತ್ತಾ, ಹೈ ಹೀಲ್ಸ್ ಹಾಕ್ಕೊಂಡು ಓಡಾಡಿದ್ರೆ ಕುಳಿ ಬೀಳುತ್ತಾ ಅನ್ನೋದನ್ನ ಜಂಕಾ ಹೇಳುತ್ತೆ. ಲಡ್ಡು ಹಿಡಿಯುತ್ತಾ, ಸೊಟ್ಟ ಆಗುತ್ತಾ ಅನ್ನೋದನ್ನ ಅದು ಹೇಳಲ್ಲ. ಲಡ್ಡಿನ ವಿಷಯಕ್ಕೆ ಯುರೋಪಿನ ಇಎನ್ 350 ಅನ್ನೋ ಮಾನದಂಡ ಇದೆ, 1ರಿಂದ 5ರವರೆಗೆ ಕ್ಲಾಸ್, 1 ಅಂದ್ರೆ ತುಂಬಾ ಬಾಳಿಕೆ, 5 ಅಂದ್ರೆ ಬಾಳಿಕೆನೇ ಇಲ್ಲ. ಇಪೇ, ಕುಮಾರು, ಮಸ್ಸರಂಡೂಬ, ಹಳೇ ಕಾಡಿನ ತೇಗ ಇವೆಲ್ಲಾ 1ರಲ್ಲೇ ಬರ್ತವೆ, ಅಂದ್ರೆ ಬಾಳಿಕೆ ಲೆಕ್ಕದಲ್ಲಿ ಇವುಗಳ ನಡುವೆ ಆರಿಸೋಕೆ ಅಷ್ಟೇನೂ ಇಲ್ಲ. ವ್ಯತ್ಯಾಸ ಎಲ್ಲಾ ಇರೋದು ಹಿಗ್ಗು ಕುಗ್ಗಲ್ಲಿ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮರದೊಳಗಿನ ತೇವ ಸುಮಾರು 30 ಪರ್ಸೆಂಟ್‌ಗಿಂತ ಮೇಲಿದ್ದಾಗ ಮರ ಅಳತೆ ಬದಲಾಯಿಸಲ್ಲ, ಅದಕ್ಕಿಂತ ಕೆಳಗೆ ಇಳಿದ ಮೇಲೆ ಒಣಗಿದಷ್ಟೂ ಕುಗ್ಗುತ್ತೆ. ಗಾಳಿಲಿ ತೇವ 30 ಪರ್ಸೆಂಟ್ ಇರೋ ಒಣ ಬೇಸಿಗೆಲಿ ಮರ ಆರು ಪರ್ಸೆಂಟ್ ಆಸುಪಾಸಿಗೆ ಬಂದು ನಿಲ್ಲುತ್ತೆ, 80 ಪರ್ಸೆಂಟ್ ಇರೋ ಮಳೆಗಾಲದಲ್ಲಿ 16ಕ್ಕೆ ಏರುತ್ತೆ. ಇನ್ನು ಮರ ಎಲ್ಲಾ ಕಡೆಗೂ ಒಂದೇ ಥರ ಕುಗ್ಗಲ್ಲ. ಉದ್ದಕ್ಕೆ ಇಲ್ಲವೇ ಇಲ್ಲ ಅನ್ನೋ ಹಾಗೆ, ವರ್ಷದ ಉಂಗುರಗಳಿಗೆ ಅಡ್ಡವಾಗಿ ಸ್ವಲ್ಪ, ಉಂಗುರಗಳ ಸುತ್ತಿನ ಗುಂಟ ಜಾಸ್ತಿ. ಇಪೇ ಪೂರ್ತಿ ಹಸಿಯಿಂದ ಪೂರ್ತಿ ಒಣಗೋ ಹೊತ್ತಿಗೆ ಅಡ್ಡಕ್ಕೆ 5.9 ಪರ್ಸೆಂಟ್, ಸುತ್ತಿಗೆ 7.2 ಪರ್ಸೆಂಟ್ ಆಸುಪಾಸು ಕುಗ್ಗುತ್ತೆ. ಮಸ್ಸರಂಡೂಬ 6.7 ಮತ್ತೆ 9.4. ಕುಮಾರು 5.3 ಮತ್ತೆ 7.7. ತೇಗ 2.6 ಮತ್ತೆ 5.3.

ಇದನ್ನ ಹಲಗೆಗೆ ಇಳಿಸಿ ನೋಡೋಣ. 140 ಮಿಲಿಮೀಟರ್ ಅಗಲದ ಹಲಗೆ, ತೇವ 8ರಿಂದ 16 ಪರ್ಸೆಂಟ್‌ಗೆ ಏರಿತು ಅಂತ ಇಟ್ಕೊಳ್ಳಿ. ಉಂಗುರದ ಗುಂಟ ಕೊಯ್ದ ಇಪೇ ಹಲಗೆ ಸುಮಾರು 2.7 ಮಿಲಿಮೀಟರ್ ಅಗಲ ಆಗುತ್ತೆ, ಮಸ್ಸರಂಡೂಬ 3.5, ತೇಗ 2. ಕೇಳೋಕೆ ಸಣ್ಣ ಲೆಕ್ಕ, ಆದ್ರೆ ಸಂದು ಬಿಟ್ಟಿರೋದೇ 3 ಮಿಲಿಮೀಟರ್ ಆದ್ರೆ ಮಸ್ಸರಂಡೂಬ ಹಲಗೆಗೆ ಹೋಗೋಕೆ ಜಾಗ ಎಲ್ಲಿದೆ? ನನ್ನ ಹಳೇ ಡೆಕ್‌ಗೆ ಆಗಿದ್ದು ಇದೇ ಅಂತ ಕಾಣುತ್ತೆ, ಒಣ ಹಲಗೆ ತಂದು ಬೇಸಿಗೆಲಿ ಒತ್ತೊತ್ತಾಗಿ ಜೋಡಿಸಿ ಹೋದ್ರು. ನನ್ನ ಇಟ್ಟಿಗೆ ಮೇಲಿನ ತುಂಡುಗಳೂ ಈ ಲೆಕ್ಕಕ್ಕೆ ಹತ್ತಿರಾನೇ ನಡ್ಕೊಂಡವು. ಹಲಗೆ ಬಾಗೋದಕ್ಕೆ ಕಾರಣ ಆ ಎರಡು ನಂಬರ್‌ಗಳ ನಡುವಿನ ಅಂತರ. ತೇಗದಲ್ಲಿ ಸುತ್ತಿನದು ಅಡ್ಡದ್ದರ ಎರಡು ಪಟ್ಟು, ಆದ್ರೆ ಒಟ್ಟು ಚಲನೆನೇ ಕಮ್ಮಿ ಇರೋದ್ರಿಂದ ಅದಕ್ಕೆ ತೊಂದರೆ ಇಲ್ಲ. ಇಪೇಲಿ ಎರಡೂ ಹತ್ತಿರ ಹತ್ತಿರ, ಹಾಗಾಗಿ ಹಿಗ್ಗಿದ್ರೂ ಸಮವಾಗಿ ಹಿಗ್ಗುತ್ತೆ, ಹಲಗೆ ಚಪ್ಪಟೆಯಾಗೇ ಉಳಿಯುತ್ತೆ. ಬಿಸಿಲು ಮಳೆ ಎರಡೂ ಅತಿರೇಕಕ್ಕೆ ಹೋಗೋ ಜಾಗದಲ್ಲಿ ನನಗೆ ಬೇಕಾಗಿದ್ದಿದ್ದು ಇದೇ.

ಈಗ ಒಂದೊಂದು ಮರದ ಬಗ್ಗೆ.

ತೇಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಮರ, ಒಂದು ವರ್ಷ ಬಿಸಿಲಲ್ಲಿ ಬಿದ್ದ ತುಂಡನ್ನ ಸ್ವಲ್ಪ ಉಜ್ಜಿದ್ರೆ ಕೈಗೆ ಅದೇ ಎಣ್ಣೆ ಎಣ್ಣೆ ನುಣುಪು ಸಿಗುತ್ತೆ, ಆ ವಾಸನೆನೂ ಹಾಗೇ ಇರುತ್ತೆ. ಗೆದ್ದಲು ಹತ್ತಿರ ಬರಲ್ಲ, ಬಾಗಲ್ಲ. ಆದ್ರೆ ಈಗ ಮಾರುಕಟ್ಟೆಲಿ ಸಿಗೋದು ಬಹುತೇಕ ಪ್ಲಾಂಟೇಶನ್ ತೇಗ, ಬೇಗ ಬೆಳೆಸಿ ಬೇಗ ಕಡಿದದ್ದು, ಎಳೇ ಮರದಲ್ಲಿ ಕೆಚ್ಚು ಕಮ್ಮಿ ಬಿಳಿ ಭಾಗ ಜಾಸ್ತಿ, ಹಳೇ ಮರದ ಬಾಳಿಕೆನ ಅದರಿಂದ ನಿರೀಕ್ಷೆ ಮಾಡೋಕಾಗಲ್ಲ. ಒಳ್ಳೇ ಕೆಚ್ಚಿನ ತೇಗ ಡೆಕ್ ಪೂರ್ತಿಗೆ ಬೇಕಾದಷ್ಟು ನನಗೆ ಸಿಗಲಿಲ್ಲ. ನಿಮಗೆ ಸಿಕ್ಕಿ, ಕೈಲಾಗೋ ಹಾಗಿದ್ರೆ, ಬೇರೆ ಯೋಚನೆ ಮಾಡಬೇಡಿ.

ಕುಮಾರು ಇಪೇಗೆ ತಮ್ಮ ಇದ್ದ ಹಾಗೆ. ಕೊಯ್ದಾಗ ವೆನಿಲಾ ಥರ ಘಮ ಅನ್ನುತ್ತೆ, ಟೊಂಕಾ ಬೀಜ ಬರೋದು ಇದೇ ಮರದಿಂದ. ಗಟ್ಟಿ, ಬಾಳಿಕೆ ಎರಡೂ ಇದೆ. ಆದ್ರೆ ಎಳೆಗಳು ಒಂದು ಪದರ ಆ ಕಡೆ ಒಂದು ಪದರ ಈ ಕಡೆ ಓಡ್ತವೆ, ಹಾಗಾಗಿ ಕೆಲವು ಹಲಗೆ ತಿರುಚಿಕೊಳ್ಳುತ್ತೆ, ಮೇಲ್ಮೈಲಿ ಕೂದಲೆಳೆ ಬಿರುಕು ಇಪೇಗಿಂತ ಜಾಸ್ತಿ ಬಂತು. ನೆರಳಿರೋ, ಬಿಸಿಲು ಅಷ್ಟು ತೀಕ್ಷ್ಣ ಇಲ್ಲದ ಜಾಗಕ್ಕೆ ಖಂಡಿತಾ ಹಾಕಬಹುದು.

ಮಸ್ಸರಂಡೂಬ ನೋಡೋಕೆ ಅದ್ಭುತ, ಕಡುಕೆಂಪು. ಆದ್ರೆ ಮೇಲಿನ ನಂಬರ್ ನೋಡಿದ್ರಲ್ಲ, ನನ್ನ ತುಂಡಿನ ತುದಿ ಎರಡನೇ ತಿಂಗಳಿಗೇ ಸೀಳ್ತು. ವರ್ಷ ಪೂರ್ತಿ ಒಂದೇ ಥರ ತೇವ ಇರೋ ಕಡೆ ಚೆನ್ನಾಗಿ ನಡೆಯುತ್ತೆ, ಒಣ ಬಿಸಿಲಿನ ಜಾಗಕ್ಕೆ ನಾನು ಬೇಡ ಅಂತೀನಿ.

ಹಬೆಲಿ ಹದ ಮಾಡಿದ ಆಶ್ ನನಗೆ ಆಶ್ಚರ್ಯ ತಂದಿದ್ದು. ಹಾಗೇ ಬಿಟ್ರೆ ಆಶ್ ಬಾಳಿಕೆ ಇಲ್ಲದ ಮರ, ಕ್ಲಾಸ್ 5. ಅದನ್ನ 180ರಿಂದ 215 ಡಿಗ್ರಿವರೆಗೆ ಹಬೆಲಿ ಕಾಯಿಸಿದಾಗ ಮರದೊಳಗಿನ ತೇವ ಹೀರೋ ಸಕ್ಕರೆ ಜಾತಿಯ ಅಂಶ ಒಡೆದು ಹೋಗುತ್ತೆ, ಆಮೇಲೆ ಅದು ಮಾಮೂಲಿ ಮರದ ಅರ್ಧದಷ್ಟು ತೇವ ಮಾತ್ರ ಕುಡಿಯುತ್ತೆ, ಲಡ್ಡು ಮಾಡೋ ಬೂಷ್ಟಿಗೂ ಊಟ ಸಿಗಲ್ಲ. ಹಿಗ್ಗು ಕುಗ್ಗಲ್ಲಿ ಐದರಲ್ಲಿ ಇದೇ ಫಸ್ಟ್ ಬಂತು. ಹಾಗಿದ್ರೂ ಯಾಕೆ ಹಾಕಿಸಲಿಲ್ಲ ಅಂದ್ರೆ ಕಾಯಿಸಿದ ಮರ ಬಿರುಸಾಗುತ್ತೆ, ಸ್ಕ್ರೂ ಅಂಚಿಗೆ ಹತ್ತಿರ ಹೋದ್ರೆ ಚಟ್ ಅಂತ ಸೀಳುತ್ತೆ, ಮತ್ತೆ ಗೆದ್ದಲನ್ನ ತಡೆಯೋ ಶಕ್ತಿ ಇದಕ್ಕೆ ಬರಲ್ಲ. ಗೆದ್ದಲಿಲ್ಲದ, ಹಿಮ ಬೀಳೋ ಜಾಗದಲ್ಲಿ ಇರೋರು ಇದನ್ನ ಮೊದಲು ನೋಡಿ. ತುಂಬಾ ದೂರದ ಕಾಡಿನ ಮರಾನೂ ಬೇಕಾಗಲ್ಲ.

ಕೊನೇಗೆ ಇಪೇ. 25 ಮಿಲಿಮೀಟರ್ ದಪ್ಪ, 140 ಅಗಲ, ಮೂರು ಮೀಟರ್ ಉದ್ದದ ಒಂದು ಹಲಗೆ ಹನ್ನೊಂದು ಕೆಜಿ ಮೇಲೆ ತೂಗುತ್ತೆ, ಅದೇ ಅಳತೆ ತೇಗ ಏಳು ಕೆಜಿ. ನೀರಿಗೆ ಹಾಕಿದ್ರೆ ಇಪೇ ಮುಳುಗುತ್ತೆ. ಲಾರಿಯಿಂದ ಇಳಿಸಿದ ದಿನ ಒಂದು ಸಣ್ಣ ತುಂಡನ್ನ ಬಕೆಟ್ಟಿಗೆ ಹಾಕಿದೆ, ಕಲ್ಲಿನ ಥರ ತಳಕ್ಕೆ ಹೋಗಿ ಟಕ್ ಅಂತು. ಇದೇ ಅಂತಿಮ ಪರೀಕ್ಷೆ ಅಂತ ಹೇಳ್ತಿಲ್ಲ, ಮುಳುಗೋ ಮರ ಬೇರೇನೂ ಇವೆ, ಆದ್ರೆ ಇಪೇ ಅಂತ ಕೊಟ್ಟ ಚೆನ್ನಾಗಿ ಒಣಗಿದ ತುಂಡು ಆರಾಮಾಗಿ ತೇಲ್ತಾ ಇದ್ರೆ ಕೇಳಲೇಬೇಕು.

ಕೇಳೋ ವಿಷಯ ಬಂತು, ಹೆಸರುಗಳ ಬಗ್ಗೆ ಹುಷಾರಾಗಿರಿ. 'ಬ್ರೆಜಿಲಿಯನ್ ಟೀಕ್' ಅಂತ ಮಾರೋದು ಕುಮಾರು, ತೇಗಕ್ಕೂ ಅದಕ್ಕೂ ಸಂಬಂಧ ಇಲ್ಲ. 'ಬ್ರೆಜಿಲಿಯನ್ ವಾಲ್‌ನಟ್' ಅಂದ್ರೆ ಇಪೇ, ಅದು ವಾಲ್‌ನಟ್ ಅಲ್ಲ. 'ಬ್ರೆಜಿಲಿಯನ್ ಚೆರ್ರಿ' ಅಂದ್ರೆ ಜಟೋಬಾ ಅನ್ನೋ ಬೇರೆ ಮರ. ಹಾಗಾಗಿ ಬಿಲ್‌ನಲ್ಲಿ ಸಸ್ಯಶಾಸ್ತ್ರದ ಹೆಸರು ಬರೆಸ್ಕೊಳ್ಳಿ, ಇಪೇ ಅಂದ್ರೆ ಹ್ಯಾಂಡ್ರೋಆಂಥಸ್, ಕುಮಾರು ಅಂದ್ರೆ ಡಿಪ್ಟೆರಿಕ್ಸ್, ತೇಗ ಅಂದ್ರೆ ಟೆಕ್ಟೋನಾ ಗ್ರಾಂಡಿಸ್. ಹೆಸರು ಬರೆಯೋಕೆ ಹಿಂದೇಟು ಹಾಕೋರ ಹತ್ರ ಮರ ತಗೋಬೇಡಿ, ನನ್ನ ಮೊದಲ ಡೆಕ್ ಹಾಳಾಗಿದ್ದು ಅಲ್ಲಿಂದಾನೇ. ಇನ್ನೊಂದು ಕಾರಣನೂ ಇದೆ. ಅಳಿವಿನ ಭಯ ಇರೋ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಸೈಟ್ಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಇದೆ, 2022ರಲ್ಲಿ ಪನಾಮಾದಲ್ಲಿ ನಡೆದ ಅದರ ಸಭೆಲಿ ಇಪೇ, ಕುಮಾರು ಎರಡನ್ನೂ ಎರಡನೇ ಅನುಬಂಧಕ್ಕೆ ಸೇರಿಸಿದ್ರು, 2024ರ ನವೆಂಬರ್‌ನಿಂದ ಜಾರಿಗೆ ಬಂತು, ಅಂದ್ರೆ ದೇಶದಿಂದ ದೇಶಕ್ಕೆ ಹೋಗುವಾಗ ಪರವಾನಗಿ ಕಾಗದ ಇರಲೇಬೇಕು. ಇಪೇ ಮರಗಳು ಕಾಡಲ್ಲಿ ಒತ್ತಾಗಿ ಬೆಳೆಯಲ್ಲ, ಒಂದೊಂದಾಗಿ ದೂರ ದೂರ ನಿಂತಿರ್ತವೆ, ನಿಧಾನ ಬೆಳೀತವೆ, ಕದ್ದು ಕಡಿಯೋ ಒಂದು ಮರಕ್ಕೆ ದಾರಿ ಮಾಡೋಕೆ ಎಷ್ಟೋ ಬೇರೆ ಮರ ಹೋಗುತ್ತೆ. ನಾನು ತಗೊಂಡಿದ್ದು ಈ ನಿಯಮ ಜಾರಿಯಾಗೋ ಮುಂಚೆ, ಆದ್ರೂ ಕಾಡು ಹಾಳು ಮಾಡದೆ ಕಡಿದ ಮರ ಅಂತ ಹೇಳೋ ಎಫ್‌ಎಸ್‌ಸಿ ಕಾಗದ ಇದ್ದ ಸರಕಿಗೆ ಎರಡು ತಿಂಗಳು ಜಾಸ್ತಿ ಕಾದೆ. ಆ ಕಾಗದ ಕೇಳದೆ ಈ ಮರ ತರೋದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಹಾಕೋ ಕೆಲಸಕ್ಕೆ ಬರೋಣ, ಯಾಕಂದ್ರೆ ಕೆಟ್ಟದಾಗಿ ಹಾಕಿದ್ರೆ ಇಪೇನೂ ಕೈಕೊಡುತ್ತೆ. ಸರಕು ಬಂದ ತಕ್ಷಣ ಹೊಡೆಯೋಕೆ ಬಿಡಬೇಡಿ. ನೆರಳಲ್ಲಿ, ಹಲಗೆ ಹಲಗೆ ನಡುವೆ ರಿಪೀಸು ಕೊಟ್ಟು, ಗಾಳಿ ಆಡೋ ಹಾಗೆ ಒಟ್ಟಿ ನಾನು ಮೂರು ವಾರ ಇಟ್ಟೆ. ತೇವ ಅಳೆಯೋ ಸಣ್ಣ ಮೀಟರ್ ಒಂದು ಕೊಂಡ್ಕೊಳ್ಳಿ, ಹಾಕೋ ದಿನ ಎಷ್ಟಿದೆ ನೋಡಿ ಸಂದು ನಿರ್ಧಾರ ಮಾಡಿ. ಮರ ಒಣಗಿದ್ರೆ 5ರಿಂದ 6 ಮಿಲಿಮೀಟರ್ ಬಿಡಿ, ಮುಂದೆ ಊದಿಕೊಳ್ಳೋಕೆ ಜಾಗ ಬೇಕು, ತೇವ ಇರೋ ಮರ ಆದ್ರೆ 3 ಸಾಕು, ಅದು ಒಣಗಿ ತಾನೇ ಸಂದು ಮಾಡ್ಕೊಳ್ಳುತ್ತೆ.

ಹಲಗೆ ಕೆಳಗಿನ ಗಾಳಿ ಎಲ್ಲಕ್ಕಿಂತ ಮುಖ್ಯ. ಮೇಲೆ ಬಿಸಿಲು ಹೊಡೆದು ಹಲಗೆಯ ಮುಖ ಒಣಗ್ತಾ ಇರುತ್ತೆ, ಕೆಳಗೆ ಒದ್ದೆ ಮಣ್ಣಿನ ಹಬೆ ಹೊಟ್ಟೆಗೆ ತಾಗ್ತಾ ಇರುತ್ತೆ, ಮೇಲ್ಭಾಗ ಕುಗ್ಗಿ ಕೆಳಭಾಗ ಹಿಗ್ಗಿದ್ರೆ ಅಂಚು ಮೇಲೇಳದೆ ಇನ್ನೇನಾಗುತ್ತೆ? ನನ್ನ ಹಳೇ ಡೆಕ್ ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿತ್ತು, ಮೂರು ಕಡೆ ಮುಚ್ಚಿತ್ತು. ಈ ಸಲ ಎರಡಡಿ ಎತ್ತರ ಮಾಡಿಸಿ, ಕೆಳಗೆ ಜಲ್ಲಿ ಹಾಸಿ, ಇಳಿಜಾರು ಕೊಟ್ಟು, ಸುತ್ತ ಜಾಲರಿ ಬಿಟ್ಟೆ. ಒಂದೇ ಒಂದು ಬದಲಾವಣೆ ಮಾಡೋಕೆ ಆಗೋದಾದ್ರೆ ಇದನ್ನ ಮಾಡಿ, ದುಬಾರಿ ಮರ ಆಮೇಲೆ. ತೊಲೆಗಳ ನಡುವೆ 400 ಮಿಲಿಮೀಟರ್ ಅಂತರ ಇಟ್ವಿ, ತೊಲೆ ತಲೆ ಮೇಲೆ ನೀರು ಇಳಿಯದ ಹಾಗೆ ಬ್ಯೂಟೈಲ್ ಅನ್ನೋ ರಬ್ಬರ್ ಟೇಪ್ ಅಂಟಿಸಿದ್ವಿ, ಯಾಕಂದ್ರೆ ಮೇಲಿನ ಹಲಗೆ ಮೂವತ್ತು ವರ್ಷ ಬಂದು ಕೆಳಗಿನ ತೊಲೆ ಹತ್ತು ವರ್ಷಕ್ಕೆ ಲಡ್ಡಾದ್ರೆ ಏನು ಬಂತು.

ಸ್ಕ್ರೂ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಈ ಮರಗಳಲ್ಲಿ ಟ್ಯಾನಿನ್ ಥರದ ಅಂಶ ಇರುತ್ತೆ, ಮಾಮೂಲಿ ಕಬ್ಬಿಣ ತಾಗಿದ್ರೆ ಇಂಕು ಚೆಲ್ಲಿದ ಹಾಗೆ ಕಪ್ಪು ಕಲೆ. ಸ್ಟೇನ್‌ಲೆಸ್ ಸ್ಟೀಲೇ ಬೇಕು, ಸಮುದ್ರದ ಗಾಳಿ ಬರೋ ಕಡೆ 304 ಅನ್ನೋ ಮಾಮೂಲಿ ದರ್ಜೆ ಸಾಲಲ್ಲ, ಮಾಲಿಬ್ಡಿನಂ ಇರೋ 316 ತಗೊಳ್ಳಿ. ಪ್ರತಿ ಸ್ಕ್ರೂಗೂ ಮೊದಲು ತೂತು ಹೊಡೀಬೇಕು, ಇದು ಬಿಟ್ರೆ ಸ್ಕ್ರೂ ಮುರಿಯುತ್ತೆ ಇಲ್ಲಾ ಹಲಗೆ ಸೀಳುತ್ತೆ. ನಮ್ಮ ಬಡಗಿ ಮೊದಲ ದಿನ ಮಧ್ಯಾಹ್ನಕ್ಕೇ ಬಂದು "ಸಾರ್, ಇನ್ನೊಂದು ಬಿಟ್ ತರಿಸಿ, ಇದು ಮೊಂಡಾಯ್ತು" ಅಂದ್ರು, ಒಟ್ಟು ಕೆಲಸ ಮುಗಿಯೋ ಹೊತ್ತಿಗೆ ಬಿಟ್‌ಗಳು ಡಬ್ಬಿ ತುಂಬಾ ಹೋದ್ವು, ಗರಗಸದ ಬ್ಲೇಡೂ ಎರಡು ಬದಲಾಯ್ತು. ಅಂಚಿಗೆ ಕಾಣದ ಕ್ಲಿಪ್ ಹಾಕಿಸೋಣ ಅಂತ ನನಗೂ ಆಸೆ ಇತ್ತು, ಮೇಲೆ ಸ್ಕ್ರೂ ಕಾಣಲ್ಲ, ನೋಡೋಕೆ ಚೆಂದ. ಆದ್ರೆ ಅತಿ ಹವಾಮಾನಕ್ಕೆ ಮೇಲಿಂದ ಎರಡೆರಡು ಸ್ಕ್ರೂ ಹಾಕಿ ಬಿಗಿ ಹಿಡಿಯೋದೇ ಒಳ್ಳೇದು ಅಂತ ಅವರು ಪಟ್ಟು ಹಿಡಿದ್ರು, ಅವರು ಹೇಳಿದ್ದು ಸರಿ ಇತ್ತು.

ಕೊಯ್ದ ಪ್ರತಿ ತುದಿಗೂ ಅವತ್ತೇ ಮೇಣದ ಸೀಲರ್ ಬಳೀಬೇಕು. ಮರದ ಎಳೆಗಳು ಕೊಳವೆ ಇದ್ದ ಹಾಗೆ, ತುದಿ ಅಂದ್ರೆ ಆ ಕೊಳವೆಗಳ ತೆರೆದ ಬಾಯಿ, ನೀರು ಹೋಗೋದೂ ಬರೋದೂ ಅಲ್ಲಿಂದಾನೇ ಜಾಸ್ತಿ, ಸೀಳು ಶುರುವಾಗೋದೂ ಅಲ್ಲಿಂದಾನೇ. ಒಂದು ಸಂಜೆ ಮಳೆ ಬರೋ ಹಾಗಾಗಿ ಏಳೆಂಟು ತುದಿ ಬಳಿಯದೆ ಬಿಟ್ಟುಹೋಯ್ತು. ಇವತ್ತು ಡೆಕ್‌ನಲ್ಲಿ ಕಣ್ಣಿಗೆ ಕಾಣೋ ಸೀಳಿರೋದು ಅಷ್ಟರಲ್ಲೇ. ಇನ್ನು ಗೀರು ಗೀರು ಇರೋ ಹಲಗೆ ಸಿಗುತ್ತಲ್ಲ, ಜಾರಲ್ಲ ಅಂತ ಹೇಳಿ ಮಾರ್ತಾರೆ, ಅದನ್ನ ತಗೋಬೇಡಿ. ಆ ಗೀರಲ್ಲಿ ಕಸ ಕೂತು, ನೀರು ನಿಂತು, ಪಾಚಿ ಕಟ್ಟಿ ಇನ್ನೂ ಜಾಸ್ತಿ ಜಾರುತ್ತೆ. ನುಣುಪು ಮುಖ ಮೇಲೆ ಇರಲಿ.

ಕೊಯ್ಯುವಾಗ ಮಾಸ್ಕ್ ಕಡ್ಡಾಯ. ಇಪೇ ಪುಡಿ ಹಸಿರು ಮಿಶ್ರಿತ ಹಳದಿ, ಅರಿಶಿನ ಹಾರಿದ ಹಾಗೆ ಎಲ್ಲಾ ಕಡೆ ಕೂರುತ್ತೆ, ಅದರಲ್ಲಿ ಲಪಾಚೋಲ್ ಅನ್ನೋ ಪದಾರ್ಥ ಇದೆ, ಚರ್ಮಕ್ಕೆ ತುರಿಕೆ, ಎದೆಗೆ ಉರಿ. ಮೊದಲ ದಿನ ಸಂಜೆ ಬಡಗಿ ನಲ್ಲಿ ಹತ್ರ ಸೋಪು ಹಚ್ಚಿ ಕೈ ತೊಳೀತಿದ್ರು, ಹಳದಿ ಇದ್ದ ನೊರೆ ನೋಡ್ತಾ ನೋಡ್ತಾ ಕೆಂಪಗಾಯ್ತು, ಎಲ್ಲೋ ಕೈ ಕುಯ್ದುಕೊಂಡ್ರು ಅಂತ ನಾನು ಓಡಿ ಹೋದೆ. ಗಾಯ ಏನೂ ಇಲ್ಲ. ಆ ಹಳದಿ ಪದಾರ್ಥ ಸೋಪಿನ ಕ್ಷಾರ ತಾಗಿದ್ರೆ ಕೆಂಪಾಗುತ್ತೆ, ಅಷ್ಟೇ. ಅರಿಶಿನಕ್ಕೆ ಸುಣ್ಣ ತಾಗಿದ್ರೆ ಆಗುತ್ತಲ್ಲ, ಅದೇ ಥರ. ಬಕೆಟ್ ಪರೀಕ್ಷೆಗಿಂತ ಇದೇ ನನಗೆ ಜಾಸ್ತಿ ಧೈರ್ಯ ಕೊಟ್ಟಿದ್ದು, ತಂದಿರೋದು ಇಪೇನೇ ಅಂತ.

ಬಣ್ಣದ ಬಗ್ಗೆ ಬಹಳ ಜನ ಬೇಜಾರು ಮಾಡ್ಕೊತಾರೆ. ಹೊಸದರಲ್ಲಿ ಕಾಫಿ ಕಂದು, ಎಣ್ಣೆ ಹಚ್ಚಿದ್ರೆ ಹೊಳೆಯುತ್ತೆ. ಬಿಸಿಲಿನ ನೇರಳಾತೀತ ಕಿರಣ ಮರದ ಎಳೆಗಳನ್ನ ಅಂಟಿನ ಥರ ಹಿಡಿದಿರೋ ಲಿಗ್ನಿನ್ ಒಡೆಯುತ್ತೆ, ಮಳೆ ಅದನ್ನ ತೊಳೆಯುತ್ತೆ, ವರ್ಷದೊಳಗೆ ಬೂದು ಬೆಳ್ಳಿ ಬಣ್ಣ. ಬಾಳಿಕೆಗೆ ಇದರಿಂದ ಏನೂ ಆಗಲ್ಲ, ಮೇಲಿನ ಕೂದಲೆಳೆ ಪದರ ಮಾತ್ರ. ಮೊದಲೆರಡು ವರ್ಷ ನಾನು ಎಣ್ಣೆ ಹಚ್ಚಿದೆ, ಇಪೇ ಎಷ್ಟು ಒತ್ತಾದ ಮರ ಅಂದ್ರೆ ಎಣ್ಣೆ ಕುಡಿಯೋದೇ ಇಲ್ಲ, ತೆಳ್ಳಗೆ ಹಚ್ಚಿ ಕಾಲು ಗಂಟೆಲಿ ಉಳಿದಿದ್ದನ್ನ ಒರೆಸಿಬಿಡಬೇಕು, ಬಿಟ್ರೆ ಅಂಟಂಟು. ಆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಎಣ್ಣೆ ಒಣಗುವಾಗ ಬಟ್ಟೆ ಕಾವು ಏರಿ ತಾನೇ ಹೊತ್ತಿಕೊಳ್ಳುತ್ತೆ, ಬಿಡಿಸಿ ಹರಡಿ ಒಣಗಿಸಿ. ಮೂರನೇ ವರ್ಷದಿಂದ ಬೂದು ಬಣ್ಣಕ್ಕೇ ಬಿಟ್ಟೆ, ಈಗ ನನಗೆ ಅದೇ ಇಷ್ಟ, ಮಳೆ ಬಿದ್ದಾಗ ಮತ್ತೆ ಆ ಕಾಫಿ ಬಣ್ಣ ಒಂದು ಗಂಟೆ ಬಂದು ಹೋಗುತ್ತೆ. ವಾರ್ನಿಷ್ ಥರದ ಮೇಲೆ ಪೊರೆ ಕಟ್ಟೋದನ್ನ ಮಾತ್ರ ಹಚ್ಚಲೇಬೇಡಿ, ಮರ ಅಲುಗಾಡುತ್ತೆ ಪೊರೆ ಅಲುಗಾಡಲ್ಲ, ಒಂದೇ ವರ್ಷಕ್ಕೆ ಚಕ್ಕೆ ಚಕ್ಕೆಯಾಗಿ ಏಳುತ್ತೆ. ತೊಳೆಯೋಕೆ ಜೋರು ಪ್ರೆಶರ್ ವಾಷರ್ ಬೇಡ, ಎಳೆ ಎದ್ದು ಸಿಬಿರು ಚುಚ್ಚುತ್ತೆ, ಬ್ರಷ್ಷು ಬಕೆಟ್ಟು ಸಾಕು. ಕಬ್ಬಿಣದ ಹೂಕುಂಡ ಇಟ್ಟು ಕಪ್ಪು ಕಲೆ ಆಗಿದ್ರೆ ಆಕ್ಸಾಲಿಕ್ ಆಸಿಡ್ ತೆಗೆಯುತ್ತೆ, ಕೈಗೆ ಗ್ಲವ್ಸ್ ಹಾಕ್ಕೊಳ್ಳಿ.

ಅರ್ಧ ಮಾರ್ಕ್ ಕಡಿಮೆ ಕೊಟ್ಟಿದ್ದು ಯಾಕೆ ಅಂದ್ರೆ ಬಿಸಿ. ಒತ್ತಾದ ಮರ ಬಿಸಿಲಲ್ಲಿ ಕಾದು ಆ ಕಾವನ್ನ ಪಾದಕ್ಕೆ ಸರಕ್ಕನೆ ಕೊಡುತ್ತೆ, ಬೇಸಿಗೆ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಬೂದು ಬಣ್ಣಕ್ಕೆ ಬಂದ ಮೇಲೆ ಸ್ವಲ್ಪ ಪರವಾಗಿಲ್ಲ, ಆದ್ರೂ ಮಕ್ಕಳಿರೋ ಮನೆಯವರು ಒಂದು ಭಾಗಕ್ಕಾದ್ರೂ ನೆರಳು ಮಾಡಿಸಿ. ಕಾಡ್ಗಿಚ್ಚಿನ ಭಯ ಇರೋ ಒಣ ಜಾಗದವರಿಗೆ ಒಂದು ಸಮಾಧಾನ, ಬೆಂಕಿ ಹರಡೋ ಪರೀಕ್ಷೆಲಿ ಇಪೇ ಕ್ಲಾಸ್ ಎ, ಅಂದ್ರೆ ಬೆಂಕಿ ತೀರಾ ಕಮ್ಮಿ ಹರಡೋ ದರ್ಜೆ, ಪಡೆದ ಮರ, ಮರಗಳಲ್ಲಿ ಅದು ಅಪರೂಪ. ಹಿಮ ಬೀಳೋ ಕಡೆಯವರು ತುದಿ ಸೀಲರ್ ವರ್ಷಾ ವರ್ಷಾ ನೋಡ್ಕೊಳ್ಳಿ, ಸೀಳಿನೊಳಗೆ ಹೋದ ನೀರು ಹೆಪ್ಪುಗಟ್ಟಿ ಹಿಗ್ಗಿದ್ರೆ ಸೀಳು ದೊಡ್ಡದಾಗುತ್ತೆ, ಹಿಮ ತೆಗೆಯೋಕೆ ಲೋಹದ ಸಲಿಕೆ ಬೇಡ, ಪ್ಲಾಸ್ಟಿಕ್ಕಿನದು ಇಟ್ಕೊಳ್ಳಿ.

ಮೊನ್ನೆ ಮಳೆಗಾಲ ಮುಗಿದ ಮೇಲೆ ಮತ್ತೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದೆ, ಅತಿ ಹೆಚ್ಚು ಬಿಸಿಲು ಬೀಳೋ ಮೂಲೆಯ ಹಲಗೆ ಮೇಲೂ ಸ್ಕೇಲ್ ಕೆಳಗೆ ಒಂದು ಕಾಗದ ತೂರಿಸೋಕೆ ಕಷ್ಟ ಆಯ್ತು. ಇಟ್ಟಿಗೆ ಮೇಲಿನ ಆ ಐದು ತುಂಡು ಇನ್ನೂ ಅಲ್ಲೇ ಇವೆ, ಮಸ್ಸರಂಡೂಬದ ಸೀಳು ಈಗ ಬೆರಳುದ್ದ ಆಗಿದೆ, ತೇಗ ಮಾತ್ರ ಇಟ್ಟ ದಿನದ ಹಾಗೇ ಕೂತಿದೆ. ಮುಂದಿನ ವಾರ ಆ ಬಳಿಯದೆ ಬಿಟ್ಟ ಏಳೆಂಟು ತುದಿಗಳನ್ನ ಒಂದಿಂಚು ಕುಯ್ದು, ಹೊಸದಾಗಿ ಮೇಣ ಬಳೀಬೇಕು.